ನಾಲ್ಕು ಮಿಜಾಜಿನ ಮನೆ

ನಮ್ಮ ಮನೆಯಲ್ಲಿ ಇದ್ದವರು ನಾಲ್ಕು ಜನ, ಆಗುತ್ತಿದ್ದದ್ದು ನಾಲ್ಕು ಥರದ ಊಟ. ಉಣ್ಣೋಕೆ ಹೆಚ್ಚಾಗಿ ಹೀಗಾಯಿತು ಅಂತ ಯಾರಾದರೂ ತಿಳಿದರೆ ಅವರು ನಮ್ಮವ್ವನ ಒಲೆಯ ಮುಂದೆ ಒಂದು ಹೊತ್ತು ಕೂತು ನೋಡಬೇಕಿತ್ತು. ಒಂದೇ ಒಲೆ, ಒಂದು ಹಂಚು, ಮೂರು ಗಡಿಗೆ. ಅಷ್ಟರಲ್ಲೇ ತಮ್ಮನಿಗೆ ಬೇರೆ, ಅಪ್ಪನಿಗೆ ಬೇರೆ, ನನಗೆ ಬೇರೆ, ಕೊನೆಗೆ ತನಗೆ ಬೇರೆ. ತಮ್ಮ ಮಲ್ಲಪ್ಪ ಪುಂಡಿಪಲ್ಲೆ, ಬದನೆಕಾಯಿ, ವಾರಕ್ಕೊಮ್ಮೆ ಮಾಂಸ, ಏನು ಬೇಕಾದರೂ ಉಣ್ಣಬಹುದಿತ್ತು. ಅಪ್ಪನಿಗೆ ತುಪ್ಪ ಬಿಟ್ಟ ಬಿಸಿ ಗಂಜಿ. ಅವ್ವನಿಗೆ ಶುಂಠಿ, ಮೆಣಸು, ಬೆಳ್ಳುಳ್ಳಿ ಕುಟ್ಟಿ ಹಾಕಿದ ಖಾರದ ಸಾರು. ನನಗೆ ಸೋರೆಕಾಯಿ, ಸವತೆಕಾಯಿ, ಕೊತ್ತಂಬರಿ ಕಾಳು ನೆನೆಸಿದ ನೀರು, ಉಪ್ಪಿಲ್ಲದ ಮಜ್ಜಿಗೆ. ನಾಲ್ಕು ತಾಟು ಸಾಲಾಗಿ ಇಟ್ಟರೆ ನಾಲ್ಕು ಮನೆಗಳಿಂದ ಕೇಳಿ ತಂದ ಹಾಗೆ ಕಾಣುತ್ತಿತ್ತು. ನನ್ನ ತಾಟು ನೋಡಿದರೆ ನನಗೇ ಅಳು ಬರುತ್ತಿತ್ತು. ಇವತ್ತಿಗೂ ನಾನು ಸೋರೆಕಾಯಿ ಮನೆಗೆ ತರುವುದಿಲ್ಲ.

ಇದಕ್ಕೆಲ್ಲ ಕಾರಣ ಅಪ್ಪ. ಅವನು ದೇವದುರ್ಗದ ಒಂದು ಯೂನಾನಿ ದವಾಖಾನೆಯಲ್ಲಿ ಕಂಪೌಂಡರ್. ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ನಾಲ್ಕಕ್ಷರ ಕಲಿತು, ಹಕೀಮ ಸಾಹೇಬರ ಕೈಕೆಳಗೆ ಬೇರು ನಾರು ಕುಟ್ಟಲು ಸೇರಿದವನು. ಕುಟ್ಟುತ್ತ ಕುಟ್ಟುತ್ತ ಅವರ ಪುಸ್ತಕಗಳನ್ನು ಓದಿಕೊಂಡ. ಯೂನಾನಿ ವೈದ್ಯದ ಪ್ರಕಾರ ಮನುಷ್ಯನ ಮೈಯಲ್ಲಿ ನಾಲ್ಕು ರಸಗಳಿವೆ: ರಕ್ತ, ಕಫ, ಹಳದಿ ಪಿತ್ತ, ಕರಿ ಪಿತ್ತ. ಯಾರಲ್ಲಿ ಯಾವುದು ಹೆಚ್ಚೋ ಅದೇ ಅವರ ಮಿಜಾಜು, ಅಂದರೆ ಮೈ ಮನಸ್ಸು ಎರಡರ ಸ್ವಭಾವ. ಹಕೀಮ ಸಾಹೇಬರು ಇದನ್ನು ರೋಗಿಗಳ ನಾಡಿ ಹಿಡಿದಾಗ ಮಾತ್ರ ನೆನೆಯುತ್ತಿದ್ದರು. ಅಪ್ಪ ಇದನ್ನು ಮನೆಗೆ ತಂದ. ತಮ್ಮ ರಕ್ತದವನು, ನಗುಮುಖದವನು. ಅವ್ವ ಕಫದವಳು, ಸಾವಕಾಶದವಳು. ಅಪ್ಪ ಸ್ವತಃ ಕರಿ ಪಿತ್ತದವನು, ಚಿಂತೆಯವನು. ನಾನು ಹಳದಿ ಪಿತ್ತದವಳು. ಹಳದಿ ಪಿತ್ತಕ್ಕೆ ಅಪ್ಪ ಸಫ್ರಾ ಅನ್ನುತ್ತಿದ್ದ, ಅದು ಹೆಚ್ಚಿದ್ದವರಿಗೆ ಸಫ್ರಾವಿ. ಬೆಂಕಿಯವಳು, ಕೂತಲ್ಲಿ ಕೂಡದವಳು, ನಿಂತಲ್ಲಿ ನಿಲ್ಲದವಳು. ಒಂದೇ ಮನೆಯಲ್ಲಿ ನಾಲ್ಕೂ ಮಿಜಾಜು ಇರುವುದು ಅಪರೂಪ ಅಂತ ಅಪ್ಪನಿಗೆ ಭಾರಿ ಹೆಮ್ಮೆ. ಬಂದವರಿಗೆಲ್ಲ ನಮ್ಮನ್ನು ತೋರಿಸುತ್ತಿದ್ದ.

ಮನೆ ಅಂದರೆ ದವಾಖಾನೆಯ ಹಿಂದಿನ ಎರಡು ಕೋಣೆ. ಹೊರಗಿನದರಲ್ಲಿ ಒಣ ಗುಲಾಬಿ ಪಕಳೆ, ಜ್ಯೇಷ್ಠಮಧು, ಹೆಸರು ಗೊತ್ತಿಲ್ಲದ ತೊಗಟೆಗಳ ಚೀಲಗಳು, ಒಳಗಿನದರಲ್ಲಿ ನಾವು. ಎರಡಕ್ಕೂ ಒಂದೇ ವಾಸನೆ. ಶಾಲೆಯಲ್ಲಿ ನನ್ನ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡು, ನಿಮ್ಮ ಮನಿಯಾಗ ಯಾರಿಗಿ ಆರಾಮಿಲ್ಲ ಅಂತ ದಿನಾ ಕೇಳುತ್ತಿದ್ದಳು. ಒಳಕೋಣೆಯ ಕಿಟಕಿ ಕೆಳಗೆ ಮಡಚುವ ಮರದ ಪೀಠ, ಅದರ ಮೇಲೆ ಉರ್ದುವಿನ ದಪ್ಪ ವೈದ್ಯಗ್ರಂಥ. ಅದರ ಪಕ್ಕ ಅಪ್ಪನ ಸ್ವಂತ ನೋಟುಬುಕ್ಕು. ಅದರಲ್ಲಿ ನಮ್ಮ ನಾಲ್ವರ ಹೆಸರು, ಮುಂದೆ ಮಿಜಾಜು, ತಿನ್ನಬೇಕಾದದ್ದು, ತಿನ್ನಬಾರದ್ದು. ಯಾರಿಗೆ ಕೆಮ್ಮು ಬಂದರೂ, ಯಾರು ಸಿಟ್ಟು ಮಾಡಿದರೂ, ಅಪ್ಪ ಮೊದಲು ಪೀಠದ ಮುಂದೆ ಹೋಗಿ ಕೂರುತ್ತಿದ್ದ. ಊಟದ ಹೊತ್ತಿನ ಜಗಳ ಯಾವತ್ತೂ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಮತ್ತು ಹೀಗೇ:

“ಯವ್ವಾ, ಒಂದು ಚೂರು ಶೇಂಗಾ ಹಿಂಡಿ ಹಾಕಬೇ.”

“ಆಕಿಗಿ ಬ್ಯಾಡ. ಆಕಿ ಸಫ್ರಾವಿ. ಶೇಂಗಾ ಕೊಟ್ರ ಉರಿಯೋ ಒಲಿಗಿ ಇನ್ನೊಂದು ಕಟಗಿ ಇಟ್ಟಂಗ ಆಗ್ತದ.”

“ಕೂಸು ಹಸಿವು ಅಂತದ. ತಿನ್ಲಿ ಬಿಡ್ರಿ.”

“ಹಸಿವು ಹೆಚ್ಚಾತು ಅಂದ್ರ ಪಿತ್ತ ಹೆಚ್ಚಾತು ಅಂತ ಅರ್ಥ. ಪುಸ್ತಕದಾಗ ಬರದದ. ಮುಗೀತು.”

ಮುಗಿಯುತ್ತಿತ್ತು. ಅವ್ವ ಓದಿದವಳಲ್ಲ, ಪುಸ್ತಕದ ಹೆಸರು ಬಂದ ಕೂಡಲೇ ಸುಮ್ಮನಾಗುತ್ತಿದ್ದಳು. ನಾನು ಸುಮ್ಮನಾಗುತ್ತಿರಲಿಲ್ಲ. ತಾಟು ದೂಡಿ ಎದ್ದು ಹೋಗುತ್ತಿದ್ದೆ. ಅಪ್ಪ ಅವ್ವನ ಕಡೆ ನೋಡಿ, ನಾನು ಹೇಳಿದೆನಲ್ಲ ಎಂಬಂತೆ ತಲೆ ಆಡಿಸುತ್ತಿದ್ದ. ನನ್ನ ಸಿಟ್ಟೂ ಅವನಿಗೆ ಸಾಕ್ಷಿಯೇ. ನಾನು ಏನು ಮಾಡಿದರೂ ಅವನ ಪುಸ್ತಕವೇ ಗೆಲ್ಲುತ್ತಿತ್ತು. ಆ ಮನೆಯಲ್ಲಿ ನನಗೆ ಬೇಕಾಗಿದ್ದದ್ದು ಶೇಂಗಾ ಹಿಂಡಿ ಅಲ್ಲ ಅಂತ ಈಗ ಗೊತ್ತಾಗುತ್ತದೆ. ಅಪ್ಪ ಒಂದು ಸಲ, ಒಂದೇ ಒಂದು ಸಲ, ಆ ಪುಸ್ತಕ ಮುಚ್ಚಿಟ್ಟು ನನ್ನ ಮುಖ ನೋಡಬೇಕಾಗಿತ್ತು.

ನನಗೆ ಈ ಹಣೆಪಟ್ಟಿ ಅಂಟಿದ್ದು ಹೇಗೆ ಅಂತ ಹೇಳಬೇಕು. ಆರು ವರ್ಷದವಳಿದ್ದಾಗ ದವಾಖಾನೆಯೊಳಗೆ ನುಗ್ಗಿ, ಔಷಧಿ ಅರೆಯುವ ದೊಡ್ಡ ಕಲ್ಲಿನ ಮೇಲೆ ಹತ್ತಿ ಕೂತು ಹಾಡು ಹೇಳುತ್ತಿದ್ದೆನಂತೆ. ಹಕೀಮ ಸಾಹೇಬರು ನಗುತ್ತ ನನ್ನ ಕೈ ಹಿಡಿದು, “ಅರೇ ಭೀಮಣ್ಣ, ನಿನ್ನ ಮಗಳು ಪೂರಾ ಸಫ್ರಾವಿ ನೋಡು” ಅಂದರಂತೆ. ಅಪ್ಪ ಅವತ್ತೇ ಮನೆಗೆ ಬಂದು ನೋಟುಬುಕ್ಕಿನಲ್ಲಿ ಬರೆದ. ಅಪ್ಪನ ಪಾಲಿಗೆ ಹಕೀಮ ಸಾಹೇಬರ ಬಾಯಿಂದ ಬಂದದ್ದು ಅಂದರೆ ಯೂನಾನದಿಂದಲೇ ಬಂದಂತೆ. ಯೂನಾನ ಅಂದರೆ ಗ್ರೀಸ್ ದೇಶ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಗೆಲ್ಲ ಅದು ಹೈದರಾಬಾದಿನಿಂದ ಇನ್ನೊಂದು ಬಸ್ಸು ಹತ್ತಿ ಹೋಗುವ ಊರು ಅಂದುಕೊಂಡಿದ್ದೆ.

ಮುಂದೆ ನಾನು ರಾಯಚೂರಿನ ಒಂದು ಕಾಲೇಜಿನಲ್ಲಿ ಯುರೋಪಿನ ಇತಿಹಾಸ ಪಾಠ ಮಾಡುತ್ತ ಬಹುಪಾಲು ಬದುಕು ಕಳೆದೆ. ಈಗ ನಿವೃತ್ತಳು. ಪ್ರತಿ ವರ್ಷ ಯಾವುದಾದರೂ ಒಂದು ಮಗು ಎದ್ದು ಕೇಳೇ ಕೇಳುತ್ತಿತ್ತು. ಮಾನ್ವಿ ಕಡೆಯ ಒಬ್ಬ ಹುಡುಗಿ ಕೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ:

“ಮೇಡಂ, ಆ ಗ್ರೀಕರು ಸತ್ತು ಎರಡು ಸಾವಿರ ವರ್ಷ ಆತು. ನಮಗ್ಯಾಕ್ರೀ ಅವರ ಉಸಾಬರಿ?”

“ನಾನು ಅವರ ಕೈಯಾಗ ಬೆಳದಾಕಿ, ತಂಗಿ,” ಅಂದೆ. ಇಡೀ ಕ್ಲಾಸು ನಕ್ಕಿತು. ನಾನು ಚೇಷ್ಟೆಗೆ ಹೇಳಿರಲಿಲ್ಲ.

ಅವರಿಗೆ ಒಂದು ಹಳೆಯ ಚಿತ್ರ ತೋರಿಸುತ್ತಿದ್ದೆ. ಯುರೋಪಿನ ಯಾವುದೋ ವಿದ್ಯಾಲಯ. ಎತ್ತರದ ಪೀಠದ ಮೇಲೆ ಪಂಡಿತ ಕೂತಿದ್ದಾನೆ, ಎದುರಿಗೆ ಪುಸ್ತಕ. ಕೆಳಗೆ ಮೇಜಿನ ಮೇಲೆ ಹೆಣ. ಕ್ಷೌರಿಕನೊಬ್ಬ ಅದನ್ನು ಕೊಯ್ಯುತ್ತಿದ್ದಾನೆ. ಪಂಡಿತ ಓದುತ್ತಿರುವುದು ಗ್ರೀಕ್ ವೈದ್ಯನೊಬ್ಬ ಅವನಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲು ಬರೆದದ್ದನ್ನು. ಆ ಗ್ರೀಕನಿಗೆ ಮನುಷ್ಯನ ಹೆಣ ಕೊಯ್ಯುವ ಅವಕಾಶ ಇರಲಿಲ್ಲ. ಹಂದಿ, ಮಂಗಗಳನ್ನು ಕೊಯ್ದು ನೋಡಿ ಬರೆದಿದ್ದ. ಹಾಗಾಗಿ ಕೆಳದವಡೆಯಲ್ಲಿ ಎರಡು ಎಲುಬು ಇವೆ ಅಂತ ಬರೆದ. ಮನುಷ್ಯನಿಗೆ ಇರುವುದು ಒಂದೇ. ಮೇಜಿನ ಮೇಲೆ ಒಂದೇ ಎಲುಬು ಕಣ್ಣಿಗೆ ಹೊಡೆಯುವಂತೆ ಬಿದ್ದಿದೆ, ಮೇಲಿನವನು ಎರಡು ಅಂತ ಓದುತ್ತಿದ್ದಾನೆ, ಸುತ್ತ ನಿಂತವರು ತಲೆ ಆಡಿಸುತ್ತಿದ್ದಾರೆ. ಕೆಲವು ದೊಡ್ಡ ಪಂಡಿತರಂತೂ, ಪುಸ್ತಕ ತಪ್ಪಿಲ್ಲ, ಆಗಿನಿಂದ ಈಚೆಗೆ ಮನುಷ್ಯನ ಮೈಯೇ ಬದಲಾಗಿದೆ ಅಂತ ವಾದಿಸಿದರು. ಹುಡುಗರು ಇದಕ್ಕೆ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಆ ಮೇಜಿನ ಮೇಲೆ ಮಲಗಿದವಳು ನಾನು ಅನ್ನಿಸುತ್ತಿತ್ತು.

ಗ್ರೀಕರ ನಾಲ್ಕು ರಸಗಳ ಮಾತು ಅರಬ್ಬಿಗೆ ಹೋಯಿತು, ಅಲ್ಲಿಂದ ಲ್ಯಾಟಿನ್ನಿಗೆ. ಯುರೋಪು ಅದನ್ನು ವೈದ್ಯಕ್ಕೆ ಮಾತ್ರ ಇಟ್ಟುಕೊಳ್ಳಲಿಲ್ಲ. ನಾಟಕದವರು ಸಿಟ್ಟಿನವನನ್ನೂ ಮಂಕುಬಡಿದವನನ್ನೂ ಅದೇ ಅಚ್ಚಿನಲ್ಲಿ ತೆಗೆದರು. ಚಿತ್ರಕಾರರು ಮುಖಗಳನ್ನು ಹಾಗೇ ಬರೆದರು. ರಾಜರ ಜ್ವರಕ್ಕೂ ಬಡವರ ಜ್ವರಕ್ಕೂ ರಕ್ತ ಹೆಚ್ಚಾಗಿದೆ ಅಂತ ನರ ಕೊಯ್ದು ರಕ್ತ ಬಿಟ್ಟರು. ಮನುಷ್ಯ ಅಂದರೆ ಏನು ಅಂತ ಕೇಳಿದರೆ ಎಷ್ಟೋ ಶತಮಾನ ಅವರ ಉತ್ತರ ಆ ನಾಲ್ಕರಲ್ಲೇ ಇತ್ತು. ಅದೇ ನೀರಿನ ಇನ್ನೊಂದು ಕವಲು ದಿಲ್ಲಿ, ಹೈದರಾಬಾದು ದಾಟಿ ದೇವದುರ್ಗದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಗೆ ಬಂದು ನನ್ನ ತಾಟಿಗೆ ಸೋರೆಕಾಯಿ ಹಾಕಿತು. ಪಠ್ಯದಲ್ಲಿ ಇದಕ್ಕೆ ಪ್ರಾಚೀನ ಸಂಸ್ಕೃತಿಯ ಪ್ರಭಾವ ಅಂತ ಶೀರ್ಷಿಕೆ, ಪರೀಕ್ಷೆಯಲ್ಲಿ ಹತ್ತು ಅಂಕ. ಇದನ್ನು ಬರೆಯುತ್ತ ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದೆ. ಅಲ್ಲಿ ಏನೂ ಕೆಲಸವಿರಲಿಲ್ಲ. ನನ್ನ ಬಾಳೆಲ್ಲ ಹೀಗೆ ಎದ್ದು ಹೋಗಿ ಬರುವುದೇ ಆಗಿದೆ.

ಹನ್ನೊಂದನೆಯ ವರ್ಷದಿಂದ ನನಗೆ ಏನೋ ಆಗತೊಡಗಿತು. ಎಷ್ಟು ತಿಂದರೂ ಹಸಿವು. ತಿಂದಷ್ಟೂ ಇಳಿದೆ. ಚಳಿಗಾಲದಲ್ಲೂ ಹೊದಿಕೆ ಒದೆಯುತ್ತಿದ್ದೆ, ಅಂಗೈ ಸದಾ ಒದ್ದೆ. ಎದೆಯೊಳಗೆ ಯಾರೋ ಕುಟ್ಟುತ್ತಿದ್ದಂತೆ ಡಬಡಬ. ಮನೆಯಲ್ಲಿ ನನಗೊಂದು ಕೆಲಸವಿತ್ತು: ಔಷಧಿ ಸೀಸೆಗೆ ಕಾಗದದ ಪಟ್ಟಿ ಕತ್ತರಿಸಿ ಅಂಟಿಸುವುದು. ಪಟ್ಟಿಯನ್ನು ಮಡಚಿ ಅಂಚಿಗೆ ಕಚ್ಚು ಹಾಕಿ ಬಿಡಿಸಿದರೆ ಒಂದು ಕಚ್ಚಿನಿಂದ ಇನ್ನೊಂದಕ್ಕೆ ಒಂದು ಹೊತ್ತಿನ ಔಷಧಿ. ಓದು ಬಾರದವರೂ ಅದನ್ನು ನೋಡಿ ಕುಡಿಯುತ್ತಿದ್ದರು. ನಾಲ್ಕು ವರ್ಷದಿಂದ ಆ ಕೆಲಸ ಮಾಡಿದ ನನ್ನ ಕೈ ಆಗ ನಡುಗಲು ಶುರುವಾಯಿತು. ಕಚ್ಚುಗಳು ಒಂದು ಹಿರಿದು, ಒಂದು ಕಿರಿದು. ಪಟ್ಟಿ ಸೊಟ್ಟ. ಅಪ್ಪ ಸೀಸೆಯನ್ನು ಬೆಳಕಿಗೆ ಹಿಡಿದು ಬೈಯುತ್ತಿದ್ದ.

“ಇದನ್ನ ಕುಡದವ್ರು ಏನಾಗಬೇಕು? ಮನಸ್ಸಿಟ್ಟು ಮಾಡು.”

“ಮನಸ್ಸಿಟ್ಟೇ ಮಾಡಾಕತ್ತೀನಿ ಯಪ್ಪಾ. ಕೈ ನಿಂದ್ರವಲ್ಲದು.”

“ನಿಂದ್ರಲ್ಲ. ನಿನ್ನ ಮಿಜಾಜೇ ಹಂಗದ.”

ಅಷ್ಟು ಹೇಳಿ ಪೀಠದ ಮುಂದೆ ಹೋಗಿ ಕೂತು, ಪುಸ್ತಕ ತಿರುವಿ, ನನ್ನ ಮಜ್ಜಿಗೆಗೆ ಇನ್ನಷ್ಟು ನೀರು ಸೇರಿಸಲು ಅವ್ವನಿಗೆ ಹೇಳುತ್ತಿದ್ದ. ನನ್ನ ನಾಡಿಯನ್ನು ದಿನಾ ಬೆಳಿಗ್ಗೆ ಹಿಡಿಯುತ್ತಿದ್ದ. ಅದು ಓಡುತ್ತಿದ್ದದ್ದು ಅವನ ಬೆರಳಿಗೆ ಗೊತ್ತಾಗುತ್ತಿತ್ತು. ಓಡಬೇಕಾದದ್ದೇ ಹಾಗೆ, ಸಫ್ರಾವಿಯ ನಾಡಿ ಅಂದಮೇಲೆ! ಅವನ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ. ಪ್ರೀತಿಯಿಲ್ಲದವನಾಗಿದ್ದರೆ ಸಿಟ್ಟು ಇಷ್ಟು ದಿನ ಉಳಿಯುತ್ತಿರಲಿಲ್ಲ. ಊರಲ್ಲಿ ಯಾವ ಅಪ್ಪ ಮಗಳ ಕೈಯನ್ನು ದಿನಾ ಬೆಳಿಗ್ಗೆ ಹಿಡಿದು ಕೂರುತ್ತಿದ್ದ?

ಏಳನೇ ಇಯತ್ತೆ ಪಾಸಾದ ವರ್ಷ ಮಾಸ್ತರರು ಮನೆಗೆ ಬಂದು, ರಾಯಚೂರಿನ ಹುಡುಗಿಯರ ಹಾಸ್ಟೆಲಿಗೆ ಅರ್ಜಿ ಹಾಕಿಸಿ, ಹುಡುಗಿ ಚುರುಕಿದ್ದಾಳೆ ಅಂದರು. ನನಗೆ ಆ ಮಾತು ಕೇಳಿ ಕೂರಲಾಗಲಿಲ್ಲ. ಅಂಗಳದಲ್ಲಿ ಆ ಕಡೆ ಈ ಕಡೆ ನಡೆದಾಡಿದೆ. ಹಾಸ್ಟೆಲಿನಲ್ಲಿ ಎಲ್ಲರಿಗೂ ಒಂದೇ ಸಾರು, ಒಂದೇ ಗಡಿಗೆಯಿಂದ. ಅದೊಂದೇ ಸಾಕಾಗಿತ್ತು ನನಗೆ ಹೋಗಲಿಕ್ಕೆ. ಅಪ್ಪ ಮಾಸ್ತರರಿಗೆ ಚಹಾ ಕೊಟ್ಟು ಕಳಿಸಿ ನನ್ನನ್ನು ಕರೆದ.

“ರಾಯಚೂರು ಅಂದ್ರ ಬೆಂಕಿ ಊರು. ನೀ ಬೆಂಕಿ ಹುಡುಗಿ. ಅಲ್ಲಿ ಹಾಸ್ಟೆಲಿನ ಖಾರ ತಿಂದು ಆರು ತಿಂಗಳಿಗಿ ಹಾಸಿಗಿ ಹಿಡೀತಿ.”

“ಹಿಡದ್ರ ಹಿಡೀಲಿ. ನಾ ಹೋಗ್ತೀನಿ.”

“ನೋಡು, ಇದೇ. ಇದೇ ಸಫ್ರಾ ಮಾತಾಡಾಕತ್ತದ. ನೀ ಅಲ್ಲ.”

ನಾನು ಅಲ್ಲವಂತೆ. ಹನ್ನೆರಡು ವರ್ಷದ ಹುಡುಗಿಗೆ ಅದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ. ಬೈಗುಳವಾದರೆ ತಿರುಗಿ ಬೈಯಬಹುದು. ಮಾತಾಡುತ್ತಿರುವವಳು ನೀನೇ ಅಲ್ಲ ಅಂದರೆ ಯಾರ ಬಾಯಿಂದ ಉತ್ತರ ಕೊಡಬೇಕು? ಹಿತ್ತಲಿಗೆ ಹೋಗಿ ನೀರಿನ ಹಂಡೆಗೆ ಒದ್ದೆ. ಹೆಬ್ಬೆರಳು ಊದಿಕೊಂಡಿತು. ಅದಕ್ಕೂ ಅಪ್ಪ ತಂಪಿನ ಲೇಪ ಹಚ್ಚಿದ.

ಆ ವರ್ಷದ ಮೊಹರಂ ಬಂತು. ನಮ್ಮ ಕಡೆ ಹಿಂದೂಗಳೂ ಮೊಹರಂಗೆ ಹರಕೆ ಹೊರುತ್ತಾರೆ. ನಾನು ಹುಟ್ಟಿದಾಗ ಸೊರಗಿದ ಕೂಸಾಗಿದ್ದೆನಂತೆ. ಉಳಿದರೆ ಪ್ರತಿ ವರ್ಷ ಮೊಹರಂ ಫಕೀರಳನ್ನಾಗಿ, ಅಂದರೆ ಹರಕೆಯ ದಾರ ತೊಟ್ಟವಳನ್ನಾಗಿ ಮಾಡುತ್ತೇನೆ ಅಂತ ಅವ್ವ ಬೇಡಿಕೊಂಡಿದ್ದಳು. ಹಾಗಾಗಿ ಹಬ್ಬಕ್ಕೆ ಮಾನ್ವಿಯಲ್ಲಿ ಸೋದರಮಾವನ ಮನೆಗೆ ಹೋಗುತ್ತಿದ್ದೆವು. ಕೊರಳಿಗೆ ಕೆಂಪು ದಾರ ಕಟ್ಟುತ್ತಾರೆ, ಅದಕ್ಕೆ ಲಾಡಿ ಅನ್ನುತ್ತಾರೆ. ಬೇರೆ ಮಕ್ಕಳಿಗೆ ಅದು ಎದೆಯವರೆಗೆ ಇಳಿಬಿದ್ದಿರುತ್ತಿತ್ತು. ನಾನು ತಲೆಯ ಮೇಲಿಂದ ಕಿತ್ತು ಎಸೆಯುತ್ತಿದ್ದೆನಾದ್ದರಿಂದ ಅವ್ವ ನನಗೆ ಕುತ್ತಿಗೆಗೆ ಅಂಟಿದಂತೆ ಕಟ್ಟುತ್ತಿದ್ದಳು, ಎರಡು ಬೆರಳು ತೂರುವಷ್ಟು ಮಾತ್ರ ಸಡಿಲ ಬಿಟ್ಟು. ಹಬ್ಬ ಮುಗಿದ ಮೇಲೆ ಗಂಟು ಬಿಚ್ಚುತ್ತಿರಲಿಲ್ಲ, ಅದು ಅವಳ ನೇಮ. ಹಿಂದಿನಿಂದ ಕತ್ತರಿಸಿ, ಗಂಟಿನ ಸಮೇತ ಒಂದು ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದಳು. ಮುಂದಿನ ವರ್ಷ ಆ ಹಳೆಯ ದಾರದ ಪಕ್ಕ ಹೊಸ ದಾರ ಹಿಡಿದು, ಒಂದು ಜೋಳದ ಕಾಳಿನಷ್ಟು ಹೆಚ್ಚು ಬಿಟ್ಟು ಗುರುತು ಮಾಡುತ್ತಿದ್ದಳು. ಆರು ವರ್ಷದಿಂದ ಅದೇ ಅಳತೆ ಸರಿಹೋಗಿತ್ತು.

ಆ ವರ್ಷ ಮಾವನ ಮನೆಯ ಪಡಸಾಲೆಯಲ್ಲಿ ಅವ್ವ ನನ್ನನ್ನು ಮುಂದೆ ಕೂರಿಸಿಕೊಂಡು ದಾರ ಸುತ್ತಿದಳು. ಗುರುತಿಗೆ ಗುರುತು ಕೂಡಲಿಲ್ಲ. ಎಳೆದಳು. ನಾನು ಕೆಮ್ಮಿದೆ. ದಾರ ತೆಗೆದು ಹಳೆಯದರ ಪಕ್ಕ ಮತ್ತೆ ಹಿಡಿದು ನೋಡಿದಳು, ತಪ್ಪಿರಲಿಲ್ಲ. ಆಮೇಲೆ ಅವಳು ಯಾವತ್ತೂ ಮಾಡದ್ದನ್ನು ಮಾಡಿದಳು. ಗದ್ದ ಹಿಡಿದು ನನ್ನ ಮುಖವನ್ನು ಬೆಳಕಿನ ಕಡೆ ಎತ್ತಿ, ಕುತ್ತಿಗೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಗಂಟಲ ಬುಡದಲ್ಲಿ ಬೆರಳಿಟ್ಟು ಎಡಕ್ಕೆ ಬಲಕ್ಕೆ ಒತ್ತಿದಳು.

“ಉಗುಳು ನುಂಗು.”

ನುಂಗಿದೆ.

“ಇನ್ನೊಮ್ಮಿ ನುಂಗು.” ಆಮೇಲೆ ಮೆಲ್ಲಗೆ, “ಇದು ಇಲ್ಲಿ ಇರಲಿಲ್ಲ,” ಅಂದಳು.

ಅವ್ವ ಯಾರಿಗೂ ಏನೂ ಹೇಳಲಿಲ್ಲ. ಹೊಸದಾಗಿ ಉದ್ದಕ್ಕೆ ದಾರ ಕತ್ತರಿಸಿ ಕಟ್ಟಿದಳು, ಹಬ್ಬ ಮುಗಿಸಿದಳು. ದೇವದುರ್ಗಕ್ಕೆ ಬಂದ ಮರುದಿನ ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡು ನೇರ ದವಾಖಾನೆಯ ಮುಂಬಾಗಿಲಿಗೆ ನಡೆದಳು. ಹಿಂದಿನ ಮನೆಯಲ್ಲಿ ಅಷ್ಟು ವರ್ಷ ಇದ್ದರೂ ಆ ಬಾಗಿಲಿನಿಂದ ಅವಳು ಒಳಗೆ ಹೋದವಳಲ್ಲ. ಹಕೀಮ ಸಾಹೇಬರ ಎದುರು ಸೆರಗು ತಲೆ ಮೇಲೆ ಎಳೆದು ಸರಿದುಹೋಗುತ್ತಿದ್ದಳು. ಅವತ್ತು ಸರಿಯಲಿಲ್ಲ. ಅಪ್ಪ ಮೂಲೆಯಲ್ಲಿ ಏನೋ ಅರೆಯುತ್ತಿದ್ದವನು ಕೈ ನಿಲ್ಲಿಸಿದ.

“ಸಾಹೇಬ್ರ, ಇದು ಹ್ವಾದ ವರ್ಷದ ಲಾಡಿ, ಇದು ಈ ವರ್ಷದ್ದು,” ಅಂತ ಎರಡು ದಾರಗಳನ್ನು ಅವರ ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟಳು. “ಎರಡೂ ಈ ಕೂಸಿನ ಕುತಗೀವು. ಒಂದು ವರ್ಷದಾಗ ಎರಡು ಬೆರಳು ಬೆಳದದ. ಮೈ ನೋಡಿದ್ರ ಇಳಿಯಾಕತ್ತದ. ನನಗ ಓದಾಕ ಬರಲ್ರಿ. ನೀವು ನೋಡ್ರಿ.”

ಸಾಹೇಬರು ದಾರಗಳನ್ನು ಎತ್ತಿ ಹಿಡಿದು ನೋಡಿದರು. ಕನ್ನಡಕ ಹಾಕಿಕೊಂಡರು. ನನಗೆ ಒಂದು ಲೋಟ ನೀರು ಕೊಟ್ಟು ಕುಡಿಯುತ್ತಿರುವಾಗ ಗಂಟಲ ಮೇಲೆ ಬೆರಳಿಟ್ಟರು. ಕೈ ಚಾಚು ಅಂದರು, ಬೆರಳುಗಳ ಮೇಲೆ ಒಂದು ಕಾಗದ ಇಟ್ಟರು. ಕಾಗದ ಪಟಪಟ ಅಂತು. ನಾಡಿಯನ್ನು ಎಲ್ಲಕ್ಕಿಂತ ಕೊನೆಗೆ ಹಿಡಿದರು.

“ಭೀಮಣ್ಣ, ಈ ಹುಡುಗಿಗೆ ಇಷ್ಟು ದಿನ ಏನು ಕೊಡ್ತಿದ್ದಿ?”

“ತಂಪಿನ ಪದಾರ್ಥ ಕೊಡ್ತಿದ್ದೆ ಸಾಹೇಬ್ರ. ಸಫ್ರಾವಿ ಮಿಜಾಜು ಅಲ್ಲೇನ್ರಿ ಆಕಿದು.”

“ಯಾರು ಹೇಳಿದ್ರು ನಿನಗ?”

ಅಪ್ಪ ಅವರ ಮುಖ ನೋಡಿದ. “ನೀವೇ ಹೇಳಿದ್ರಲ್ರಿ.”

“ನಾನು? ಯಾವಾಗ?”

“ಆರು ವರ್ಷ ಆತ್ರಿ. ಆಕಿ ಈ ಕಲ್ಲಿನ ಮ್ಯಾಲ ಹತ್ತಿ ಕುಂತು ಹಾಡಾಕತ್ತಿದ್ಲು. ನೀವು ಕೈ ಹಿಡದು ಅಂದ್ರಿ.”

ಸಾಹೇಬರಿಗೆ ನೆನಪಿರಲಿಲ್ಲ. ನೆನಪು ಮಾಡಿಕೊಳ್ಳಲು ನೋಡಿದರು, ಆಗಲಿಲ್ಲ. “ಕೂಸಿನ ಜೊತಿ ನಗಾಕ ಅಂದಿರಬೇಕಪ್ಪ,” ಅಂದರು. “ಅದನ್ನ ನೀ ಹಿಡಕೊಂಡು ಕುಂತೇನು? ಯೂನಾನದ ಹಕೀಮರು ಬರಿಯೋಕಿಂತ ಮೊದಲ ನೋಡಿದವ್ರು. ನಾವು ಬರೇ ಓದಿದವ್ರು.” ಆಮೇಲೆ ಒಂದು ಚೀಟಿ ಬರೆದು, ಇದು ನನ್ನ ಕೈಯಲ್ಲಾಗುವುದಲ್ಲ, ಇವತ್ತೇ ರಾಯಚೂರಿಗೆ ಕರೆದುಕೊಂಡು ಹೋಗು, ತಡ ಮಾಡಬೇಡ ಅಂದರು.

ಅಪ್ಪನ ಮುಖ ನಾನು ಅವತ್ತು ನೋಡಿದ ಹಾಗೆ ಮತ್ತೆ ಯಾವತ್ತೂ ನೋಡಲಿಲ್ಲ. ಬೈಸಿಕೊಂಡವನ ಮುಖ ಅಲ್ಲ ಅದು. ಆರು ವರ್ಷ ನಡೆದ ದಾರಿ ಯಾವ ಊರಿಗೂ ಹೋಗುವುದಿಲ್ಲ ಅಂತ ಗೊತ್ತಾದವನ ಮುಖ. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಗೆದ್ದೆ ಅನ್ನಿಸಿತು. ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕ ಕೂತಿದ್ದ. ಗಬ್ಬೂರು ಬಂತು, ಹೋಯಿತು. ಕಲ್ಮಲದಲ್ಲಿ ಬಸ್ಸು ನಿಂತಾಗ ಅವನು ಇಳಿದು ಹೋಗಿ, ಒಂದು ಪೊಟ್ಟಣ ಹುರಿದ ಶೇಂಗಾ ತಂದು ನನ್ನ ತೊಡೆ ಮೇಲೆ ಇಟ್ಟ. ನಾನು ರಾಯಚೂರು ಮುಟ್ಟುವುದರೊಳಗೆ ಪೂರ್ತಿ ತಿಂದೆ. ಗೆದ್ದ ಖುಷಿ ಅಷ್ಟರಲ್ಲಿ ಎಲ್ಲಿ ಹೋಯಿತೋ ಗೊತ್ತಿಲ್ಲ.

ರಾಯಚೂರಿನ ಡಾಕ್ಟರಮ್ಮ ನನ್ನ ಕುತ್ತಿಗೆಯೊಳಗಿನ ಒಂದು ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ ಅಂದರು. ರಕ್ತವನ್ನು ಹೈದರಾಬಾದಿಗೆ ಕಳಿಸಿ ಖಾತ್ರಿ ಮಾಡಿಕೊಂಡರು. ಇನ್ನೊಂದು ವರ್ಷ ಬಿಟ್ಟಿದ್ದರೆ ಹೃದಯಕ್ಕೆ ಪೆಟ್ಟಾಗುತ್ತಿತ್ತು, ಇದನ್ನು ಮೊದಲು ಗುರುತಿಸಿದವರು ಯಾರು ಅಂತ ಕೇಳಿದರು. ಅಪ್ಪ ಹಕೀಮ ಸಾಹೇಬರು ಅನ್ನಬಹುದಿತ್ತು. “ಇವರವ್ವರಿ,” ಅಂದ. “ದಾರ ಹಿಡದು ನೋಡಿದ್ಲು.” ಸಣ್ಣ ಮಾತ್ರೆಗಳನ್ನು ಬರೆದುಕೊಟ್ಟರು, ತಿಂಗಳಿಗೊಮ್ಮೆ ಬಂದು ತೋರಿಸಬೇಕು ಅಂದರು. ತಿಂಗಳು ತಿಂಗಳು ದೇವದುರ್ಗದಿಂದ ಬರುವ ಬದಲು ಇಲ್ಲೇ ಇರಲಿ ಅಂತ ಅಪ್ಪ ತಾನೇ ಹಾಸ್ಟೆಲಿನ ಅರ್ಜಿಗೆ ಸಹಿ ಹಾಕಿದ.

ಹೋಗುವ ಹಿಂದಿನ ದಿನ ನಾನು ಅವನ ನೋಟುಬುಕ್ಕು ತೆಗೆದು ನೋಡಿದೆ. ಎಲ್ಲರ ಹೆಸರಿನ ಮುಂದೆ ಮೊದಲಿನಂತೆ ಇತ್ತು. ನನ್ನ ಹೆಸರು ಅಂಬವ್ವ; ಅದರ ಮುಂದಿನ ಸಫ್ರಾವಿ ಎಂಬ ಮಾತಿನ ಮೇಲೆ ಒಂದು ಗೆರೆ ಎಳೆದಿದ್ದ. ಅದರ ಪಕ್ಕ ಏನೂ ಬರೆದಿರಲಿಲ್ಲ. ಏನಾದರೂ ಬರೆಯುತ್ತಾನೆ ಅಂತ ರಜೆಗೆ ಬಂದಾಗಲೆಲ್ಲ ಕದ್ದು ತೆಗೆದು ನೋಡುತ್ತಿದ್ದೆ. ಖಾಲಿಯೇ ಇರುತ್ತಿತ್ತು. ಯಾಕೋ ಅದೂ ಸಂಕಟವಾಗುತ್ತಿತ್ತು.

ಮಾತ್ರೆಯಿಂದ ಕೈ ನಿಂತಿತು. ಎದೆಯ ಕುಟ್ಟಾಟ ನಿಂತಿತು, ಮೈ ಹತ್ತಿತು, ಕುತ್ತಿಗೆ ಇಳಿಯಿತು. ಎರಡು ವರ್ಷದ ಮೇಲೆ ಮಾತ್ರೆಯನ್ನೂ ಬಿಡಿಸಿದರು. ಆದರೆ ಕೂತಲ್ಲಿ ಕೂರದ ಚಾಳಿ ಹೋಗಲಿಲ್ಲ. ನಾನು ಎರಡು ಊರು, ಮೂರು ಕೆಲಸ, ಏಳು ಬಾಡಿಗೆ ಮನೆ ಬದಲಿಸಿದೆ. ನಿಂತುಕೊಂಡು ಉಣ್ಣುತ್ತೇನೆ. ಪುಸ್ತಕವನ್ನು ನಡೆದಾಡುತ್ತ ಓದುತ್ತೇನೆ. ಅದು ಪಿತ್ತವಲ್ಲ, ಗ್ರಂಥಿಯೂ ಅಲ್ಲ. ಹಾಗಾದರೆ ಏನು? ಅಪ್ಪ ಹೇಳಿದ್ದು ಅರ್ಧ ನಿಜವಿತ್ತೇ, ಅಥವಾ ಅಷ್ಟು ವರ್ಷ ಬೆಂಕಿ ಹುಡುಗಿ ಅನ್ನಿಸಿಕೊಂಡು ನಾನೇ ಹಾಗೆ ಆದೆನೇ? ಯುರೋಪಿನವರು ಕೊನೆಗೊಮ್ಮೆ ಪೀಠದಿಂದ ಕೆಳಗಿಳಿದು ತಮ್ಮ ಕೈಯಿಂದಲೇ ಕೊಯ್ದು ನೋಡಿದರು, ದವಡೆಗೆ ಒಂದೇ ಎಲುಬು ಅಂತ ಬರೆದರು. ಪುಸ್ತಕ ನಂಬಬೇಡ, ನಿನ್ನ ಕಣ್ಣಿಂದಲೇ ನೋಡು ಅಂತ ಬರೆದು ಅವರಿಗೆ ಕಲಿಸಿದವನೂ ಅದೇ ಹಳೆಯ ಗ್ರೀಕನೇ. ಅವನ ಮಾತು ಬಿಟ್ಟವರೇ ಅವನ ದಾರಿ ಹಿಡಿದರು. ಇದನ್ನು ಪಾಠದಲ್ಲಿ ಹೇಳುವಾಗ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಅವ್ವ, ಮಾನ್ವಿಯ ಪಡಸಾಲೆಯಲ್ಲಿ ನನ್ನ ಗದ್ದ ಹಿಡಿದವಳು.

ಅವ್ವ ಬದುಕಿರುವವರೆಗೂ ಪ್ರತಿ ಮೊಹರಂಗೆ ಲಾಡಿ ಕಟ್ಟಿದಳು. ತಲೆ ನೆರೆತ ಮೇಲೂ ನಾನು ಆ ಕೆಂಪು ದಾರವನ್ನು ಸೆರಗಿನೊಳಗೆ ಮುಚ್ಚಿಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಈಗ ಮೂರು ವರ್ಷದ ಹಿಂದೆ ಅವಳು ಹೋದಳು. ಆ ವರ್ಷ ಮೊಹರಂ ಬಂದದ್ದೇ ನನಗೆ ಲಕ್ಷ್ಯವಿರಲಿಲ್ಲ. ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆಗೆದರೆ ಅಪ್ಪ. ಮಲ್ಲಪ್ಪನಿಗೂ ಹೇಳದೆ ದೇವದುರ್ಗದಿಂದ ಮೊದಲ ಬಸ್ಸಿಗೆ ಒಬ್ಬನೇ ಬಂದಿದ್ದ. ಕೈಯಲ್ಲಿ ಚೀಲ, ಚೀಲದಲ್ಲಿ ಅವ್ವನ ತಗಡಿನ ಡಬ್ಬಿ. ಅಪ್ಪ ಹರಕೆ, ಲಾಡಿ ಯಾವುದಕ್ಕೂ ಸೇರಿದವನಲ್ಲ. ಚಹಾ ಮಾಡುತ್ತೇನೆ ಅಂತ ನಾನು ತಿರುಗಿದೆ.

“ಚಾ ಆಮ್ಯಾಲ. ಇಲ್ಲಿ ಕುಂದ್ರು. ಕುತಗಿ ತೋರಸು.”

ಕೂತೆ. ಅವ್ವ ಕೊನೆಯ ವರ್ಷ ಕತ್ತರಿಸಿಟ್ಟ ದಾರವನ್ನು ಡಬ್ಬಿಯಿಂದ ತೆಗೆದು, ಹೊಸದರ ಪಕ್ಕ ಹಿಡಿದು, ಕನ್ನಡಕದ ಹತ್ತಿರ ತಂದು ಗುರುತು ಮಾಡಿದ. ಈಗ ಅವನ ಕೈ ನಡುಗುತ್ತಿತ್ತು, ನನ್ನದು ನಿಂತಿತ್ತು. ಗಂಟು ಎರಡು ಸಲ ಜಾರಿತು. ನಾನು ಕೈ ಹಾಕಲಿಲ್ಲ. ಮೂರನೇ ಸಲ ಬಿತ್ತು. ಎರಡು ಬೆರಳು ತೂರಿಸಿ ನೋಡಿದ. ಗದ್ದ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. ಕುತ್ತಿಗೆ ನೋಡಿದ, ಆಮೇಲೆ ಕುತ್ತಿಗೆ ಬಿಟ್ಟು ಮುಖ ನೋಡಿದ. ನಾಡಿ ಹಿಡಿಯಲಿಲ್ಲ. ನನಗೆ ತಡೆಯಲಾಗಲಿಲ್ಲ.

“ಯಪ್ಪಾ, ನಿನ್ನ ಬುಕ್ಕಿನಾಗ ನನ್ನ ಹೆಸರಿನ ಮುಂದ ಏನೂ ಬರೀಲೇ ಇಲ್ಲ. ನಂದು ಯಾವ ಮಿಜಾಜು?”

ಗದ್ದದಿಂದ ಕೈ ತೆಗೆಯದೆ, “ಗೊತ್ತಿಲ್ಲವ್ವ,” ಅಂದ. “ಇನ್ನಾ ನೋಡಾಕತ್ತೀನಿ.”

ಅವತ್ತು ಮಧ್ಯಾಹ್ನದವರೆಗೂ ನಾನು ಕೂತಲ್ಲಿಂದ ಏಳಲಿಲ್ಲ.